ಎಲ್ಲರೂ ಯುಪಿಐ ಮಾಡಿದರೆ ನೋಟು ಯಾಕೆ?

ಪ್ರಶ್ನೆ: ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಆದರೂ ದೇಶದಲ್ಲಿ ನೋಟು ಜಾಸ್ತಿ ಆಗುತ್ತಲೇ ಇದೆ. ಒಟ್ಟು ಹಣದಲ್ಲಿ ನೋಟಿನ ಪಾಲು ಎಷ್ಟು?

ಉತ್ತರ 1: ಸಣ್ಣ ಪಾಲು. 2024ರ ಮಾರ್ಚ್‌ನಲ್ಲಿ ಚಲಾವಣೆಯಲ್ಲಿದ್ದದ್ದು ಸುಮಾರು 35 ಲಕ್ಷ ಕೋಟಿ, ಬ್ಯಾಂಕ್ ಠೇವಣಿ 200 ಲಕ್ಷ ಕೋಟಿಗೂ ಮೇಲೆ. ಬ್ಯಾಂಕು ನಿಮಗೆ ಐದು ಲಕ್ಷ ಸಾಲ ಕೊಟ್ಟಾಗ ಯಾರೂ ನೋಟು ಅಚ್ಚು ಹಾಕುವುದಿಲ್ಲ, ಸುಮ್ನೆ ನಿಮ್ಮ ಖಾತೆಯಲ್ಲಿ ಅಂಕಿ ಏರುತ್ತದೆ, ಅದೇ ಹೊಸ ಹಣ.

ಉತ್ತರ 2: ಯುಪಿಐ ಹಣ ಹುಟ್ಟಿಸುವುದಿಲ್ಲ, ಖಾತೆಯಿಂದ ಖಾತೆಗೆ ದಾಟಿಸುತ್ತದೆ ಅಷ್ಟೇ. ಆದರೆ ಅದರ ಲೆಕ್ಕ ಉಳಿಯುತ್ತದೆ: 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ದರು, ನೆನಪಿದೆ ಅಲ್ವಾ?

ಉತ್ತರ 3: ಇ-ರುಪಾಯಿ, ಅಂದರೆ ಫೋನಿನಲ್ಲಿಡುವ ಡಿಜಿಟಲ್ ರೂಪಾಯಿ, ಮರೆತಿರಾ? ಅದು ನೋಟಿನ ಹಾಗೆ ನೇರ ರಿಸರ್ವ್ ಬ್ಯಾಂಕಿನದು. 2022ರ ಡಿಸೆಂಬರ್‌ನಲ್ಲೇ ಜನರ ಬಳಕೆಗೆ ಪ್ರಯೋಗವಾಗಿ ಬಂತು, ನನಗೆ ಗೊತ್ತಿರುವವರು ಯಾರೂ ಬಳಸುವುದಿಲ್ಲ.