ಸಹಾಯ ಬೇಕು: ಓಹಾಯೋ ಸ್ಟೇಟ್–ಟೆಕ್ಸಾಸ್ ಪಂದ್ಯಕ್ಕೆ ಯಾವ ಕಡೆ ಬೆಟ್ ಕಟ್ಟಲಿ?

ಎಲ್ಲರಿಗೂ ನಮಸ್ಕಾರ. ಆಗಸ್ಟ್ 30, 2025ರ ಶನಿವಾರ ಇಲ್ಲಿ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಸೀಸನ್ ಶುರು, ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯ. ಸಣ್ಣ ಮೊತ್ತದ ಬೆಟ್ ಕಟ್ಟಬೇಕು ಅಂತಿದ್ದೇನೆ, ಓಹಾಯೋದಲ್ಲಿ 2023ರಿಂದ ಅದು ಕಾನೂನುಬದ್ಧ. ಕಾಲೇಜ್ ಫುಟ್‌ಬಾಲ್ ಚೆನ್ನಾಗಿ ಬಲ್ಲವರು ದಯವಿಟ್ಟು ಸಲಹೆ ಕೊಡಿ.

ಜನವರಿಯಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ನಮ್ಮವರು ಇದೇ ಟೆಕ್ಸಾಸನ್ನು 28-14ರಿಂದ ಸೋಲಿಸಿದ್ದರು, ಆಮೇಲೆ ಚಾಂಪಿಯನ್ ಕೂಡ ಆದರು. ಆದರೆ ಆ ತಂಡ ಈಗ ಉಳಿದಿಲ್ಲ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ) ವಿಲ್ ಹವರ್ಡ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋದರು, ಆಕ್ರಮಣ–ರಕ್ಷಣೆ ಎರಡಕ್ಕೂ ಹೊಸ ಕೋಚ್‌ಗಳು, ಹವರ್ಡ್ ಜಾಗಕ್ಕೆ ಬಂದ ಜೂಲಿಯನ್ ಸೇಯಿನ್‌ಗೆ ಇದೇ ಮೊದಲ ಸ್ಟಾರ್ಟ್ (ಆರಂಭದಿಂದಲೇ ಆಡುವ ಪಂದ್ಯ). ಟೆಕ್ಸಾಸಿನ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಕೂಡ ಕಳೆದ ವರ್ಷ ಸ್ಟಾರ್ಟ್ ಮಾಡಿದ್ದು ಎರಡೇ ಪಂದ್ಯ. ಕ್ವಾರ್ಟರ್‌ಬ್ಯಾಕನ್ನು ಕಾಯುವ ಅವರ ಆಫೆನ್ಸಿವ್ ಲೈನ್‌ನ ಐವರಲ್ಲಿ ನಾಲ್ವರು ಹೊರಟುಹೋಗಿದ್ದಾರೆ. ಲಕ್ಷಕ್ಕೂ ಹೆಚ್ಚು ಜನರ ಗದ್ದಲದ ನಡುವೆ, ಕೇಲಬ್ ಡೌನ್ಸ್‌ರಂಥ ಆಟಗಾರ ಇರುವ ನಮ್ಮ ರಕ್ಷಣಾ ಪಡೆಯ ಎದುರು ಅವರ ಜಾಗಕ್ಕೆ ಬಂದ ಹುಡುಗರು ಆಡಬೇಕು.

ಸ್ಪ್ರೆಡ್ (ಬೆಟ್ಟಿಂಗ್ ಕಂಪನಿಗಳು ಅಂದಾಜಿಸುವ ಗೆಲುವಿನ ಅಂತರ) ಮೂರು ಅಂಕದೊಳಗೇ ಇದೆ. ಹಾಗಿದ್ದಾಗ ತವರಿನ ತಂಡದ ಮೇಲೆ ಕಟ್ಟಲೋ, ಒಟ್ಟು ಅಂಕದ 'ಅಂಡರ್' (ಎರಡೂ ತಂಡಗಳ ಒಟ್ಟು ಅಂಕ ನಿಗದಿತ ಸಂಖ್ಯೆಗಿಂತ ಕಡಿಮೆ ಆಗುತ್ತದೆ ಅನ್ನುವ ಬೆಟ್) ಹಿಡಿಯಲೋ? ನನ್ನ ಮನಸ್ಸು ಅಂಡರ್ ಕಡೆಗೇ ಇದೆ. ಪ್ರಾಪ್ ಬೆಟ್ (ಒಬ್ಬ ಆಟಗಾರನ ಸಾಧನೆಯಂಥ ವಿಷಯದ ಮೇಲಿನ ಬೆಟ್) ಸಲಹೆ ಬೇಡ, ಕಾಲೇಜ್ ಆಟಗಾರರ ಮೇಲೆ ಅದು ಇಲ್ಲಿ ನಿಷಿದ್ಧ. ಟೆಕ್ಸಾಸ್ ಲೈನ್‌ಗೆ ಬಂದ ಹೊಸಬರ ಆಟ ನೋಡಿದವರಿದ್ದರೆ ಖಂಡಿತ ಬರೆಯಿರಿ.