ಎರಡು ಗುಂಪುಗಳ ಹೋಲಿಕೆಗೆ ಯಾವ ಪರೀಕ್ಷೆ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಬೆಂಗಳೂರಿನಲ್ಲಿ ಮನೋವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿರುವ 38 ಮತ್ತು ದಿನವೂ ಮನೆಯಿಂದ ಬಸ್ಸಿನಲ್ಲಿ ಬರುವ 71 ವಿದ್ಯಾರ್ಥಿಗಳ ಪರೀಕ್ಷಾ ಆತಂಕದ ಅಂಕಗಳನ್ನು ಹೋಲಿಸಬೇಕಿದೆ. ಶಪೀರೊ-ವಿಲ್ಕ್ ಪರೀಕ್ಷೆಯ ಪ್ರಕಾರ ಅಂಕಗಳ ಹಂಚಿಕೆ ನಾರ್ಮಲ್ (ಗಂಟೆಯಾಕಾರದ್ದು) ಆಗಿಲ್ಲ. ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆಯನ್ನು ಬಿಟ್ಟು, ಅಂಕಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಹೋಲಿಸುವ ಮಾನ್-ವಿಟ್ನಿ ಪರೀಕ್ಷೆ ಬಳಸಲೇ?

ಉತ್ತರ 1

ಪರೀಕ್ಷೆಯನ್ನು ಆರಿಸುವ ಮೊದಲು ನೀವು ಏನನ್ನು ತಿಳಿಯಬೇಕೆಂದಿದ್ದೀರಿ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಸರಾಸರಿ ಆತಂಕದಲ್ಲಿ ಎಷ್ಟು ಅಂತರವಿದೆ ಎಂದು ತಿಳಿಯಬೇಕಾದರೆ, ಎರಡೂ ಗುಂಪುಗಳ ಚದುರುವಿಕೆ ಸಮವೆಂದು ಭಾವಿಸದ ವೆಲ್ಚ್ ಟಿ ಪರೀಕ್ಷೆ ಬಳಸಿ. ನಿಮ್ಮಷ್ಟು ಸ್ಯಾಂಪಲ್ ಇದ್ದಾಗ, ಒಂದೆರಡು ಅಂಕಗಳು ತೀರಾ ದೂರ ಹೋಗಿರದಿದ್ದರೆ, ನಾರ್ಮಲ್‌ನಿಂದ ಆಗುವ ಸಣ್ಣ ವ್ಯತ್ಯಾಸ ಅದನ್ನು ಕೆಡಿಸುವುದಿಲ್ಲ. ಆದ್ದರಿಂದ ಶಪೀರೊ-ವಿಲ್ಕ್ ಕೊಟ್ಟ ಪಿ ಮೌಲ್ಯವೊಂದನ್ನೇ (ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) ನಂಬದೆ ಹಿಸ್ಟೋಗ್ರಾಂ ಬರೆದು ಕಣ್ಣಾರೆ ನೋಡಿ. ಮಾನ್-ವಿಟ್ನಿ ಕೇಳುವ ಪ್ರಶ್ನೆಯೇ ಬೇರೆ: ಒಂದೊಂದು ಗುಂಪಿನಿಂದ ಒಬ್ಬೊಬ್ಬರನ್ನು ಸುಮ್ಮನೆ ಎತ್ತಿಕೊಂಡರೆ ಹಾಸ್ಟೆಲ್‌ನವರ ಅಂಕವೇ ಹೆಚ್ಚಿರುವ ಸಂಭವ ಎಷ್ಟು ಎಂಬುದು. ಎರಡೂ ಹಂಚಿಕೆಗಳ ಆಕಾರ ಒಂದೇ ಆಗಿರದಿದ್ದರೆ ಅದನ್ನು ಮಧ್ಯಾಂಕಗಳ ಹೋಲಿಕೆ ಎಂದು ಬರೆಯಬಾರದು.

ನನ್ನ ಪ್ರಬಂಧದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಒಂದು ಗುಂಪಿನಲ್ಲಿ 22, ಇನ್ನೊಂದರಲ್ಲಿ 80 ಜನರಿದ್ದು, ಚಿಕ್ಕ ಗುಂಪಿನ ಅಂಕಗಳೇ ಹೆಚ್ಚು ಚದುರಿದ್ದವು. ಎಸ್‌ಪಿಎಸ್‌ಎಸ್ ತಂತ್ರಾಂಶ ಕೊಡುವ ಎರಡು ಸಾಲುಗಳಲ್ಲಿ ಮೇಲಿನದರಲ್ಲಿ ಪಿ 0.04, ಕೆಳಗಿನದರಲ್ಲಿ 0.09 ಇತ್ತು (ರೂಢಿಯ ಮಿತಿ 0.05); ನಾನು ಮೇಲಿನದನ್ನೇ ಬರೆದೆ. ಆ ಸಾಲು ಎರಡೂ ಗುಂಪುಗಳ ಚದುರುವಿಕೆ ಸಮವೆಂದು ಭಾವಿಸುವ ಸ್ಟೂಡೆಂಟ್ ಟಿ ಪರೀಕ್ಷೆಯದು; ಕೆಳಗಿನದು ವೆಲ್ಚ್ ಪರೀಕ್ಷೆಯದು. ಹಾಗೆ ಎರಡೂ ಗುಂಪುಗಳ ಚದುರುವಿಕೆಯನ್ನು ಒಟ್ಟುಗೂಡಿಸಿದಾಗ ದೊಡ್ಡ ಗುಂಪಿನ ತೂಕವೇ ಮೇಲಾಗಿ, ಚಿಕ್ಕ ಗುಂಪಿನ ಅನಿಶ್ಚಿತತೆ ಕಡಿಮೆ ಎಂಬಂತೆ ಕಾಣುತ್ತದೆ, ಇಲ್ಲದ ವ್ಯತ್ಯಾಸವೂ ಇದೆಯೆಂದು ತೋರುತ್ತದೆ. ವೈವಾದಲ್ಲಿ ಪರೀಕ್ಷಕರು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಕಾರಣ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಚದುರುವಿಕೆ ಸಮವೇ ಎಂದು ನೋಡುವ ಲೆವೀನ್ ಪರೀಕ್ಷೆ ಮಾಡಿ ಸಾಲನ್ನು ಆರಿಸುವುದಕ್ಕಿಂತ ಮೊದಲಿನಿಂದಲೇ ವೆಲ್ಚ್ ಎಂದು ಬರೆದಿಡುವುದು ಒಳ್ಳೆಯದು. ಆರ್ ತಂತ್ರಾಂಶದಲ್ಲಿ ನೀವು ಏನೂ ಸೂಚಿಸದಿದ್ದರೆ ಬರುವುದು ಅದೇ.

ಉತ್ತರ 2

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಒಂದೇ ವಿದ್ಯಾರ್ಥಿಗಳನ್ನು ಸೆಮಿಸ್ಟರ್‌ನ ಆರಂಭದಲ್ಲೂ ಕೊನೆಯಲ್ಲೂ ಅಳೆದಿದ್ದರೆ ಈ ಎರಡು ಪರೀಕ್ಷೆಗಳೂ ಸಲ್ಲುವುದಿಲ್ಲ. ಆಗ ಜೋಡಿ ಟಿ ಪರೀಕ್ಷೆ ಬೇಕು. ಪಿ ಮೌಲ್ಯವಷ್ಟನ್ನೇ ಕೊಡದೆ ಸರಾಸರಿಗಳ ಅಂತರವನ್ನೂ ಅದರ ಶೇ. 95 ವಿಶ್ವಾಸಾಂತರವನ್ನೂ (ನಿಜವಾದ ಅಂತರ ಇರಬಹುದಾದ ವ್ಯಾಪ್ತಿ) ಬರೆಯಿರಿ. ಹಾಸ್ಟೆಲ್‌ನ 38 ಜನರೂ ಒಂದೇ ವಿಭಾಗದವರಾಗಿದ್ದರೆ ಅದನ್ನು ಇಲ್ಲಿ ತಿಳಿಸಿ, ಏಕೆಂದರೆ ಆಗ ಹಾಸ್ಟೆಲ್‌ನ ಪರಿಣಾಮವನ್ನೂ ವಿಭಾಗದ ಪರಿಣಾಮವನ್ನೂ ಯಾವ ಪರೀಕ್ಷೆಯಿಂದಲೂ ಬೇರ್ಪಡಿಸಲಾಗದು.