ನೂರು ಕಿಲೋಮೀಟರ್ ಓಟ: ದೇಹ ತೆರುವ ಬೆಲೆಗೆ ತಕ್ಕ ಪ್ರತಿಫಲ ಇದೆಯೇ?

ಬನಶಂಕರಿ_ಓಟ (ಪ್ರಶ್ನೆ):

ನನಗೆ ಈಗ 43 ವರ್ಷ. ಬೆಂಗಳೂರಿನಲ್ಲಿ ಕುಳಿತು ಮಾಡುವ ಕೆಲಸ. ಆರು ವರ್ಷಗಳಿಂದ ಓಡುತ್ತಿದ್ದೇನೆ. ಐದು ಪೂರ್ಣ ಮ್ಯಾರಥಾನ್‌ಗಳನ್ನೂ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನಡುವೆ ಒಂದು 50 ಕಿ.ಮೀ. ಓಟವನ್ನೂ ಮುಗಿಸಿದ್ದೇನೆ. ಆ ಓಟ ಮುಗಿಸಿ ಮನೆಗೆ ಬಂದ ರಾತ್ರಿ ಎರಡೂ ಹೆಬ್ಬೆರಳುಗಳ ಉಗುರು ಕಪ್ಪಾಗಿದ್ದವು, ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯಬೇಕಾಯಿತು, ಸಾಕ್ಸ್ ಬಿಚ್ಚಿದಾಗ ಇಂಬಳ ಕಚ್ಚಿದ ಜಾಗದಿಂದ ಇನ್ನೂ ರಕ್ತ ಒಸರುತ್ತಿತ್ತು. ಇದನ್ನೆಲ್ಲ ನೋಡಿದ ನನ್ನ ಹೆಂಡತಿ, "ಇಷ್ಟೆಲ್ಲ ಮಾಡಿ ನಿಮಗೆ ಸಿಕ್ಕಿದ್ದಾದರೂ ಏನು?" ಎಂದು ಕೇಳಿದಳು. ಕೋಪದಿಂದ ಕೇಳಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರಿಂದ ನನಗೆ ಉತ್ತರ ಹೊಳೆಯಲಿಲ್ಲ.

ಈಗ 100 ಕಿ.ಮೀ. ಓಟವೊಂದಕ್ಕೆ ಹೆಸರು ನೋಂದಾಯಿಸಬೇಕೆಂದಿದ್ದೇನೆ. ಮಂಡಿ, ಹೃದಯ, ಮೂತ್ರಪಿಂಡ, ಈ ಮೂರಕ್ಕೆ ಇಷ್ಟು ದೂರದ ಓಟ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ಅರಿತವರು ತಿಳಿಸಬೇಕಾಗಿ ವಿನಂತಿ. "ನಿಮ್ಮಿಂದ ಆಗುತ್ತದೆ, ಮುನ್ನುಗ್ಗಿ" ಎಂಬ ಉತ್ತರ ಓಟದ ಗೆಳೆಯರಿಂದಲೂ, "ಹುಚ್ಚಾಟ ಬಿಡು" ಎಂಬ ಉತ್ತರ ಅಣ್ಣನಿಂದಲೂ ಈಗಾಗಲೇ ಬಂದಿವೆ.

ವೈದ್ಯೆ_ಮೈಸೂರು:

ನಾನು ಸಾಮಾನ್ಯ ವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಓಟದಲ್ಲಿ ಹಾಫ್ ಮ್ಯಾರಥಾನ್ ದಾಟಿದವಳಲ್ಲ. ನನ್ನ ಬಳಿ ಬರುವ ಓಟಗಾರರೆಲ್ಲ ಮಂಡಿಯ ಬಗ್ಗೆ ಕೇಳುತ್ತಾರೆಯೇ ಹೊರತು ಮೂತ್ರಪಿಂಡದ ಮಾತೆತ್ತುವುದಿಲ್ಲ. ನೀವು ಎತ್ತಿದ್ದೀರಿ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗಂಟೆಗಟ್ಟಲೆ ಓಡುವಾಗ, ಅದರಲ್ಲೂ ಇಳಿಜಾರಿನಲ್ಲಿ, ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಆಗ ಸ್ನಾಯುತಂತುಗಳಿಗೆ ಪೆಟ್ಟಾಗಿ ಅವುಗಳೊಳಗಿನ ಮಯೋಗ್ಲೋಬಿನ್, ಕ್ರಿಯಾಟಿನ್ ಕೈನೇಸ್ ಮುಂತಾದ ವಸ್ತುಗಳು ರಕ್ತಕ್ಕೆ ಸೇರುತ್ತವೆ. ಸಾಮಾನ್ಯ ದಿನಗಳಲ್ಲಿ ನೂರರ ಲೆಕ್ಕದಲ್ಲಿರುವ ಕ್ರಿಯಾಟಿನ್ ಕೈನೇಸ್ ಪ್ರಮಾಣವು 100 ಮೈಲಿ ಓಡಿದವರಲ್ಲಿ ಹತ್ತಾರು ಸಾವಿರಕ್ಕೆ ಏರುವುದು ಅಪರೂಪವಲ್ಲ. ಬಹುಮಂದಿಯಲ್ಲಿ ಇದು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮೈಯಲ್ಲಿ ನೀರು ಕಡಿಮೆಯಾಗಿ, ಬಿಸಿಲೂ ಸೇರಿ, ಮಯೋಗ್ಲೋಬಿನ್ ಮೂತ್ರಪಿಂಡದ ನಾಳಗಳಲ್ಲಿ ಕಟ್ಟಿಕೊಂಡರೆ ಡಯಾಲಿಸಿಸ್‌ವರೆಗೂ ಹೋಗಬೇಕಾದೀತು. ಓಟದ ಮರುದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದು ಮನೆಯಲ್ಲಿ ಎಳನೀರು ಕುಡಿದುಕೊಂಡು ಕಾಯುವ ಸಂಗತಿಯಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ತುಪ್ಪ ಸುರಿಯುವುದು ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಗುಂಪಿನ ಔಷಧಗಳು ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಕಿರುನಾಳಗಳನ್ನು ತೆರೆದಿಡುವ ಪ್ರೋಸ್ಟಾಗ್ಲ್ಯಾಂಡಿನ್‌ಗಳನ್ನು ತಡೆಯುತ್ತವೆ. ದೇಹವು ರಕ್ತವನ್ನೆಲ್ಲ ಕಾಲಿಗೂ ಚರ್ಮಕ್ಕೂ ತಿರುಗಿಸಿರುವ ಹೊತ್ತಿನಲ್ಲಿ ಇದ್ದಬದ್ದ ದಾರಿಯನ್ನೂ ಮುಚ್ಚಿದಂತಾಗುತ್ತದೆ. ಓಟಗಾರರು ಸೊಂಟದ ಚೀಲದಲ್ಲಿ ಈ ಮಾತ್ರೆಯ ಪಟ್ಟಿಯನ್ನು ಚಿಕ್ಕಿಯ ಪಕ್ಕದಲ್ಲೇ ಇಟ್ಟುಕೊಂಡಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಎರಡನೆಯ ಅಪಾಯ ನೀರಿನದು, ಅಂದರೆ ಅತಿಯಾಗಿ ಕುಡಿದ ನೀರಿನದು. ದೀರ್ಘ ಶ್ರಮದಲ್ಲಿ ದೇಹವು ನೀರನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ; ಆಗ ಬಾಯಾರಿಕೆ ಇಲ್ಲದಿದ್ದರೂ ಪ್ರತಿ ಏಡ್ ಸ್ಟೇಷನ್‌ನಲ್ಲಿ (ದಾರಿಯಲ್ಲಿ ನೀರು, ಆಹಾರ ಕೊಡುವ ತಾಣದಲ್ಲಿ) ಲೋಟಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದು ತಲೆನೋವು, ವಾಂತಿ, ಗೊಂದಲ, ಕೊನೆಗೆ ಮಿದುಳಿನ ಊತವೂ ಕಾಣಿಸಿಕೊಳ್ಳಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷಿಸಿದ 488 ಓಟಗಾರರ ಪೈಕಿ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಅದು ಬರೀ 42 ಕಿ.ಮೀ. ಓಟ. ಬಾಯಾರಿದಾಗ ಕುಡಿಯಿರಿ, ಬಾಯಾರದಿದ್ದರೆ ಬಿಡಿ.

ಹೃದಯದ ಬಗ್ಗೆ ಸಾಕ್ಷ್ಯ ಸ್ವಲ್ಪ ಜಟಿಲವಾಗಿದೆ. ಸ್ವೀಡನ್‌ನಲ್ಲಿ 90 ಕಿ.ಮೀ. ದೂರದ ವಾಸಾಲೊಪೆಟ್ ಎಂಬ ಹಿಮಜಾರು ಸ್ಪರ್ಧೆಯನ್ನು ಮುಗಿಸಿದ 52,755 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಬಾರಿ ಭಾಗವಹಿಸಿದವರಲ್ಲೂ ವೇಗವಾಗಿ ಮುಗಿಸಿದವರಲ್ಲೂ ಹೃದಯದ ಲಯ ತಪ್ಪುವ ಪ್ರಮಾಣ ಹೆಚ್ಚಿತ್ತು. ಒಂದು 100 ಕಿ.ಮೀ. ಓಟ ಹೃದಯವನ್ನು ಕೆಡಿಸುತ್ತದೆ ಎಂದು ಇದರರ್ಥವಲ್ಲ. ಇಪ್ಪತ್ತು ವರ್ಷ, ವರ್ಷಕ್ಕೆ ನಾಲ್ಕು ಬಾರಿ ಎಂದು ಹೊರಟವರು ಮಾತ್ರ ಈ ಲೆಕ್ಕವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ವಯಸ್ಸಿಗೆ ಇಸಿಜಿ, ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನು ನೋಂದಣಿಗೆ ಮೊದಲೇ ಮಾಡಿಸಿಕೊಳ್ಳಿ.

ಎಪ್ಪತ್ತೆರಡನೇ_ಮೈಲಿಗಲ್ಲು:

ಡಾಕ್ಟರ್ ಹೇಳಿದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ. ಮಂಡಿಯ ವಿಚಾರವನ್ನು ಅವರು ಕೈಬಿಟ್ಟಿದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಹನ್ನೊಂದು ವರ್ಷಗಳಲ್ಲಿ 100 ಕಿ.ಮೀ. ಅಥವಾ ಅದಕ್ಕಿಂತ ದೂರದ ಏಳು ಓಟಗಳನ್ನು ಆರಂಭಿಸಿ ಐದನ್ನು ಮುಗಿಸಿದವನು ನಾನು.

2009ರಲ್ಲಿ ಇಟಲಿಯ ಬಾರಿ ನಗರದಿಂದ ನಾರ್ವೆಯ ಉತ್ತರ ಭೂಶಿರದವರೆಗೆ 4,487 ಕಿ.ಮೀ. ದೂರವನ್ನು 64 ದಿನಗಳಲ್ಲಿ, ಒಂದು ದಿನದ ಬಿಡುವೂ ಇಲ್ಲದೆ ಕ್ರಮಿಸುವ ಓಟ ನಡೆಯಿತು. ಜರ್ಮನಿಯ ಸಂಶೋಧಕರು ಎಂ.ಆರ್.ಐ. ಯಂತ್ರವನ್ನೇ ಲಾರಿಯ ಮೇಲೆ ಹೇರಿಕೊಂಡು ಓಟಗಾರರ ಬೆನ್ನು ಹತ್ತಿದರು. 44 ಮಂದಿಯ ಕೀಲುಗಳನ್ನು ದಾರಿಯುದ್ದಕ್ಕೂ ಮತ್ತೆಮತ್ತೆ ಚಿತ್ರಿಸಿದಾಗ, ಮೊದಲ ಎರಡು ಸಾವಿರ ಕಿಲೋಮೀಟರ್ ಹೊತ್ತಿಗೆ ಮಂಡಿ, ಕಣಕಾಲು, ಹಿಮ್ಮಡಿಗಳ ಮೃದ್ವಸ್ಥಿ (ಕೀಲಿನೊಳಗಿನ ಮೆತ್ತನೆಯ ಹೊದಿಕೆ) ದಣಿದ ಲಕ್ಷಣಗಳು ಕಂಡವು. ಆ ಬಳಿಕ ಕಣಕಾಲು ಮತ್ತು ಹಿಮ್ಮಡಿಯ ಮೃದ್ವಸ್ಥಿ, ಓಟ ನಿಲ್ಲದಿದ್ದರೂ, ಚೇತರಿಸಿಕೊಳ್ಳತೊಡಗಿತು. ಓಡಿದರೆ ಕೀಲು ಸವೆದೇ ಹೋಗುತ್ತದೆ ಎಂದು ಗಾಡಿಯ ಚಕ್ರದ ಹಾಗೆ ಲೆಕ್ಕ ಹಾಕುವವರಿಗೆ ಇದನ್ನು ಹೇಳಬೇಕು. ಆದರೆ ಅದೇ ತಂಡ ಮಿದುಳನ್ನೂ ಅಳೆದಿತ್ತು: ಎರಡು ತಿಂಗಳಲ್ಲಿ ಬೂದು ದ್ರವ್ಯದ ಗಾತ್ರ ಸುಮಾರು ಶೇ. 6ರಷ್ಟು ಕುಗ್ಗಿತ್ತು, ಎಂಟು ತಿಂಗಳ ನಂತರ ಮೊದಲಿನ ಸ್ಥಿತಿಗೆ ಮರಳಿತ್ತು. ಎಂಟು ತಿಂಗಳು ಎಂಬ ಆ ಅವಧಿಯನ್ನು ನಾನು ಎಂದೂ ಮರೆಯುವುದಿಲ್ಲ. ಒಂದು ದೊಡ್ಡ ಓಟಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟಾದರೂ ಅಂತರ ಇಟ್ಟುಕೊಳ್ಳುತ್ತೇನೆ.

ನನ್ನ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮೊದಲ 100 ಕಿ.ಮೀ. ಪ್ರಯತ್ನದಲ್ಲಿ 72ನೇ ಕಿಲೋಮೀಟರಿನಲ್ಲಿ ನಿಂತೆ. ಕಾರಣ ಹೃದಯವಲ್ಲ, ಮಂಡಿಯಲ್ಲ. ಎಡಗಾಲಿನ ಅಂಗಾಲಿನಲ್ಲಿ ಎದ್ದ ಒಂದು ಬೊಕ್ಕೆ. ತೊರೆ ದಾಟಿ ಸಾಕ್ಸ್ ಒದ್ದೆಯಾದಾಗ ಎರಡು ನಿಮಿಷ ಕುಳಿತು ಬದಲಾಯಿಸಲು ಸೋಮಾರಿತನ ಮಾಡಿದೆ. ಇಪ್ಪತ್ತು ಕಿಲೋಮೀಟರ್ ಕಳೆದ ಮೇಲೆ ಅಂಗಾಲಿನ ಚರ್ಮ ನೆನೆದ ಅವಲಕ್ಕಿಯ ಹಾಗೆ ಬಿಳುಚಿಕೊಂಡು ಮಡಿಕೆ ಬಿದ್ದಿತ್ತು. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಸೂಜಿ ಚುಚ್ಚಿ ನೀರು ತೆಗೆದು, ಟೇಪ್ ಸುತ್ತಿ ಮತ್ತೆ ಎದ್ದೆ. ನೋವು ತಪ್ಪಿಸಲು ಕಾಲನ್ನು ಓರೆಯಾಗಿ ಇಡತೊಡಗಿದಾಗ ಸೊಂಟ ಹಿಡಿದುಕೊಂಡಿತು. ಮುಂದೆ ಹೋಗಿದ್ದರೆ ಆ ಸೊಂಟವನ್ನು ಆರು ತಿಂಗಳು ಸಾಕಬೇಕಾಗುತ್ತಿತ್ತು. ಅಲ್ಲಿಯೇ ಕುಳಿತು, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ತಿಂದು, ಜೀಪು ಹತ್ತಿದೆ.

ಇನ್ನು ಸಿಕ್ಕಿದ್ದೇನು ಎಂಬ ಪ್ರಶ್ನೆ. 2022ರ ಜುಲೈನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆಗಳ ಚಾಂಪಿಯನ್‌ಶಿಪ್ ನಡೆದಾಗ ನಾನು ಗ್ಯಾಲರಿಯಲ್ಲಿ ಕುಳಿತಿದ್ದೆ. ಭಾರತದ ಅಮರ್ ಸಿಂಗ್ ದೇವಂದಾ 258.418 ಕಿ.ಮೀ. ಓಡಿ ಚಿನ್ನ ಗೆದ್ದರು. 400 ಮೀಟರಿನ ಟ್ರ್ಯಾಕ್ ಎಂದರೆ ಸುಮಾರು 646 ಸುತ್ತು. ಬೆಟ್ಟವಿಲ್ಲ, ಕಾಡಿಲ್ಲ, ನೋಡಲು ಹೊಸದೇನೂ ಇಲ್ಲ, ಅದೇ ತಿರುವು, ಅದೇ ಬಿಳಿ ಗೆರೆ. ಅವರಿಗೆ ಅಲ್ಲಿ ಏನು ಸಿಕ್ಕಿತೋ ಅದನ್ನು ನಾನು ಹೇಳಲಾರೆ. ನನಗೆ ಸಿಗುವುದು ಇಷ್ಟು: ಅರವತ್ತು ಕಿಲೋಮೀಟರ್ ದಾಟಿದ ಮೇಲೆ ತಲೆಯೊಳಗಿನ ಗದ್ದಲ ನಿಂತು, ಮುಂದಿನ ತಿರುವು ಮತ್ತು ಮುಂದಿನ ಗುಟುಕು ನೀರು ಎಂಬ ಎರಡೇ ವಿಚಾರಗಳು ಉಳಿಯುತ್ತವೆ. ಆ ನಿಶ್ಶಬ್ದ ನನಗೆ ಬೇರೆಲ್ಲೂ ದೊರೆತಿಲ್ಲ. ಅದಕ್ಕಾಗಿ ನಾಲ್ಕು ಉಗುರು ಹೋದರೆ ಹೋಗಲಿ ಎಂದುಕೊಂಡಿದ್ದೇನೆ. ಮೂತ್ರಪಿಂಡ ಹೋಗಲಿ ಎಂದುಕೊಂಡಿಲ್ಲ.

ಓಟ_ಬಿಟ್ಟವಳು:

ಮೇಲಿನವರ ಬರಹ ಪ್ರಾಮಾಣಿಕವಾಗಿದೆ, ಆದರೂ ಅವರು ಹಾಕಿದ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ. 100 ಕಿ.ಮೀ. ಓಟ ಒಂದು ದಿನದ್ದು. ಅದರ ತಯಾರಿ ಏಳೆಂಟು ತಿಂಗಳದ್ದು. ಶನಿವಾರ 35 ಕಿ.ಮೀ., ಭಾನುವಾರ ದಣಿದ ಕಾಲಿನಲ್ಲೇ ಇನ್ನೊಂದು 20 ಕಿ.ಮೀ., ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಂಜೆಯವರೆಗೆ ಎಚ್ಚರವಿಲ್ಲ. ನಾನು ಮೂರು ವರ್ಷ ಹೀಗೆ ಬದುಕಿದೆ. ಆ ಮೂರು ವರ್ಷಗಳಲ್ಲಿ ಅತ್ತೆಯವರ ಔಷಧ, ಮಗನ ಶಾಲೆಯ ಸಭೆ, ಮನೆಗೆ ಬಂದ ನೆಂಟರು ಎಲ್ಲವೂ ನನ್ನ ಗಂಡನ ಪಾಲಿಗೆ ಬಿದ್ದವು. ದೇಹದ ಬೆಲೆಯನ್ನು ಓಡುವವರೇ ತೆರುತ್ತಾರೆ ಎಂದುಕೊಳ್ಳುವುದು ತಪ್ಪು. ಮುಟ್ಟು ನಾಲ್ಕು ತಿಂಗಳು ನಿಂತಾಗ ಅದನ್ನು ನಾನು ಒಳ್ಳೆಯ ತರಬೇತಿಯ ಗುರುತೆಂದು ಭಾವಿಸಿದ್ದೆ. ಸಾಕಷ್ಟು ಉಣ್ಣದೆ ಓಡುತ್ತಿರುವ ದೇಹವು ಮೂಳೆಯನ್ನೂ ಹಾರ್ಮೋನನ್ನೂ ಅಡವಿಟ್ಟು ನಡೆಯುತ್ತಿದೆ ಎಂದು ತಿಳಿದದ್ದು ಪಾದದ ಮೂಳೆ ಬಿರುಕು ಬಿಟ್ಟ ಮೇಲೆ.

ಇನ್ನೊಂದು ಸಂಗತಿ. ಸುಮಾರು 1,400 ಅಲ್ಟ್ರಾ ಓಟಗಾರರನ್ನು (ಮ್ಯಾರಥಾನ್‌ಗಿಂತ ಹೆಚ್ಚು ದೂರ ಓಡುವವರನ್ನು), ಈ ಓಟ ನಿಮ್ಮ ಆರೋಗ್ಯಕ್ಕೆ ಹಾನಿಕರವೆಂದು ಖಚಿತವಾಗಿ ಗೊತ್ತಾದರೆ ನಿಲ್ಲಿಸುತ್ತೀರಾ ಎಂದು ಸಂಶೋಧಕರು ಕೇಳಿದಾಗ, ನಾಲ್ವರಲ್ಲಿ ಸುಮಾರು ಮೂವರು ಇಲ್ಲ ಎಂದರು. ನಾನೂ ಅಂದು ಹಾಗೆಯೇ ಹೇಳುತ್ತಿದ್ದೆ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಒಂದು ಮರುಪ್ರಶ್ನೆ: ಇಲ್ಲಿ ಎಲ್ಲರೂ "ಬೇಡ" ಎಂದರೆ ನೀವು ನೋಂದಾಯಿಸದೆ ಇರುತ್ತೀರಾ?

ತೋಟದ_ದಾರಿ:

ನಾನು ಓಡುವವನಲ್ಲ. ನಮ್ಮದು ಆರು ಎಕರೆ ಕಾಫಿ ತೋಟ. ಇಂಥ ಓಟವೊಂದು ನಮ್ಮ ಭಾಗದಲ್ಲಿ ಹಾದುಹೋಗುವಾಗ ಎರಡು ವರ್ಷ ರಾತ್ರಿಯ ಏಡ್ ಸ್ಟೇಷನ್‌ನಲ್ಲಿ ಗಂಜಿ, ಶುಂಠಿ ಕಷಾಯ ಹಂಚಿದ್ದೇನೆ. ಮೊದಲ ವರ್ಷ ನಮ್ಮ ತೋಟದ ಕೆಲಸದ ಹೆಂಗಸೊಬ್ಬಳು ಇವರನ್ನು ನೋಡಿ, "ಯಾರು ಅಟ್ಟಿಸ್ಕೊಂಡು ಬರ್ತಿದಾರೆ ಸಾರ್?" ಎಂದು ಕೇಳಿದ್ದಳು. ನನಗೆ ಇಂದಿಗೂ ಅದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆದಿಲ್ಲ.

ರಾತ್ರಿ ಎರಡರ ಹೊತ್ತಿಗೆ ಬರುವವರಲ್ಲಿ ನಾನು ಕಾಲುಗಳನ್ನು ನೋಡುವುದಿಲ್ಲ, ಕೈಗಳನ್ನು ನೋಡುತ್ತೇನೆ. ಲೋಟ ಹಿಡಿದ ಕೈ ನಡುಗುತ್ತಿದ್ದರೆ, ಹೆಸರು ಕೇಳಿದಾಗ ಉತ್ತರ ತಡವಾದರೆ, ಕಂಬಳಿ ಹೊದಿಸಿ ಕೂರಿಸುತ್ತೇನೆ. ಮಳೆಯಲ್ಲಿ ತೊಯ್ದು, ಓಟ ನಿಧಾನವಾಗಿ, ಗಾಳಿ ಬೀಸಿದರೆ ಮೈ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದನ್ನು ಬಯಲುಸೀಮೆಯಿಂದ ಬಂದವರು ಊಹಿಸಿರುವುದಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ 100 ಕಿ.ಮೀ. ಬೆಟ್ಟದ ಓಟದಲ್ಲಿ ಆಲಿಕಲ್ಲು ಮಳೆ, ಗಾಳಿಗೆ ಸಿಕ್ಕಿ 21 ಮಂದಿ ಸತ್ತರು. ಅನನುಭವಿಗಳಲ್ಲ, ಆ ದೇಶದ ಅತ್ಯುತ್ತಮ ಓಟಗಾರರೂ ಅವರಲ್ಲಿದ್ದರು. ಆರು ಮಂದಿಯನ್ನು ಬದುಕಿಸಿದ್ದು ಒಬ್ಬ ಕುರಿಗಾಹಿ. ತಾನು ಆಶ್ರಯ ಪಡೆದಿದ್ದ ಗುಹೆಗೆ ಅವರನ್ನು ಕರೆತಂದು ಬೆಂಕಿ ಹಾಕಿದ. ಗಾಳಿ ತಡೆಯುವ ಜಾಕೆಟ್ ಆ ಓಟದ ಕಡ್ಡಾಯ ಸಾಮಗ್ರಿಗಳ ಪಟ್ಟಿಯಲ್ಲಿ ಇರಲಿಲ್ಲ. ನೀವು ಹೆಸರು ಕೊಡುವ ಓಟದ ಪಟ್ಟಿಯನ್ನು ಮೊದಲು ಓದಿ, ಎರಡು ಏಡ್ ಸ್ಟೇಷನ್‌ಗಳ ನಡುವೆ ಜೀಪು ಹೋಗುವ ದಾರಿ ಇದೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.

ಬನಶಂಕರಿ_ಓಟ:

ಎಲ್ಲರಿಗೂ ಧನ್ಯವಾದಗಳು. "ಓಟ ಬಿಟ್ಟವಳು" ಅವರ ಮರುಪ್ರಶ್ನೆಯನ್ನು ಎರಡು ದಿನ ತಲೆಯಲ್ಲಿ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ, ಎಲ್ಲರೂ ಬೇಡ ಎಂದಿದ್ದರೂ ನಾನು ನೋಂದಾಯಿಸುತ್ತಿದ್ದೆ. ಇದನ್ನು ಹೆಂಡತಿಗೂ ಹೇಳಿದೆ. ಅವಳು ನಕ್ಕು, "ಅದು ನನಗೆ ಮೊದಲೇ ಗೊತ್ತಿತ್ತು" ಎಂದಳು.

ಇಸಿಜಿ ಸರಿಯಾಗಿದೆ. ಕ್ರಿಯಾಟಿನಿನ್ 1.0 ಬಂದಿದೆ. ರಕ್ತದೊತ್ತಡ ಮಾತ್ರ 138/88 ಇದ್ದು, ಮೂರು ತಿಂಗಳು ಉಪ್ಪು ಮತ್ತು ನಿದ್ರೆಯ ಕಡೆ ಗಮನ ಕೊಟ್ಟು ಮತ್ತೆ ಬರಲು ವೈದ್ಯರು ಹೇಳಿದ್ದಾರೆ. ಆದ್ದರಿಂದ ಈ ವರ್ಷದ 100 ಕಿ.ಮೀ. ಓಟವನ್ನು ಕೈಬಿಟ್ಟು ಮತ್ತೊಂದು 50 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಸೊಂಟದ ಚೀಲದಲ್ಲಿ ನನ್ನ ಬಳಿಯೂ ಒಂದು ಮಾತ್ರೆಯ ಪಟ್ಟಿ ಇತ್ತು. ಹತ್ತರಲ್ಲಿ ನಾಲ್ಕು ಖಾಲಿಯಾಗಿದ್ದವು. ಡಾಕ್ಟರ್ ಅವರಲ್ಲಿ ಒಂದು ಪ್ರಶ್ನೆ: ಓಟದ ನಡುವೆ ಬೇಡ ಎಂದಿರಿ, ಓಟ ಮುಗಿದ ರಾತ್ರಿ ತೆಗೆದುಕೊಳ್ಳಬಹುದೇ?

ವೈದ್ಯೆ_ಮೈಸೂರು:

ಆ ರಾತ್ರಿಯೂ ಬೇಡ. ಚೆನ್ನಾಗಿ ಊಟ, ನೀರು ಆಗಿ, ಮೂತ್ರ ತಿಳಿಯಾಗಿ ಹೋಗುವವರೆಗೆ ಆ ಗುಂಪಿನ ಮಾತ್ರೆಗಳನ್ನು ಮುಟ್ಟಬೇಡಿ. ತೀರಾ ತಡೆಯಲಾರದಿದ್ದರೆ ಊಟದ ನಂತರ ಒಂದು ಪ್ಯಾರಾಸಿಟಮಾಲ್ ಸಾಕು. ಉಳಿದ ಆರನ್ನು ಎಸೆದುಬಿಡಿ.